ಬೀಜಧನವಿತ್ತ ರೋಸನ್‌ವಾಲ್ಡ್

ಬೆಳೆದ ಧಾನ್ಯವನ್ನು ಹಸಿದವರಿಗೆ ಹಂಚುವುದು ಒಂದು ಬಗೆಯ ದಾನ. ಬಿತ್ತನೆಗೆಂದು ಹಿಡಿ ಬೀಜವನ್ನಿತ್ತು, ಉತ್ತು ಬೆಳೆಯುವ ಕೆಲಸವನ್ನು ಹೊಲದವನಿಗೇ ಬಿಡುವುದು ಇನ್ನೊಂದು ಬಗೆಯ ದಾನ. ಈ ಎರಡನೆಯ ಬಗೆಯ ದಾನದಿಂದ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಸಾವಿರಾರು ಹಳ್ಳಿಶಾಲೆಗಳು ತಲೆಯೆತ್ತಲು ಕಾರಣರಾದವರು ಜೂಲಿಯಸ್ ರೋಸನ್‌ವಾಲ್ಡ್.

ರೋಸನ್‌ವಾಲ್ಡರು 1862ನೆಯ ಇಸವಿ ಆಗಸ್ಟ್ 12ರಂದು ಇಲಿನಾಯ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜನಿಸಿದರು. ಅಬ್ರಹಾಂ ಲಿಂಕನ್ನರು ಅಧ್ಯಕ್ಷರಾಗುವ ಮುನ್ನ ವಾಸವಾಗಿದ್ದ ಊರು ಅದು. ತಂದೆತಾಯಿಗಳು ಜರ್ಮನಿಯಿಂದ ವಲಸೆ ಬಂದ ಯೆಹೂದ್ಯರು. ತಂದೆಯದು ಉಡುಪುಗಳ ವ್ಯಾಪಾರ. ಹದಿಹರೆಯದಲ್ಲಿಯೇ ಶಾಲೆಯನ್ನು ಬಿಟ್ಟ ಜೂಲಿಯಸ್, ನ್ಯೂಯಾರ್ಕಿನಲ್ಲಿದ್ದ ಸೋದರಮಾವಂದಿರ ಬಳಿ ಅದೇ ವ್ಯಾಪಾರವನ್ನು ಕಲಿತರು. 1895ರಲ್ಲಿ ಷಿಕಾಗೊದ ಸಿಯರ್ಸ್ ರೋಬಕ್ ಸಂಸ್ಥೆಯಲ್ಲಿ ಪಾಲುದಾರರಾದರು. ಈ ಸಂಸ್ಥೆ ದೂರದ ಹಳ್ಳಿಗಳಿಗೆ ಬೆಲೆಪಟ್ಟಿಯನ್ನು ಕಳುಹಿಸಿ, ರೈತರು ಬಯಸಿದ ಸರಕನ್ನು ಅಂಚೆಯ ಮೂಲಕ ಮಾರುತ್ತಿತ್ತು. ರೋಸನ್‌ವಾಲ್ಡರ ದಕ್ಷತೆಯಿಂದ ಅದು ಬಹಳ ದೊಡ್ಡದಾಗಿ ಬೆಳೆಯಿತು. 1908ರಲ್ಲಿ ಅವರು ಅದರ ಅಧ್ಯಕ್ಷರಾದರು.

ಸಂಪತ್ತು ಹೆಚ್ಚಿದಂತೆ ಅದರ ಸದ್ವಿನಿಯೋಗದ ಚಿಂತೆಯೂ ಹೆಚ್ಚಿತು. ಆ ಸಮಯದಲ್ಲಿ ಬುಕರ್ ಟಿ. ವಾಷಿಂಗ್ಟನ್ನರ ಆತ್ಮಕಥೆ ಅವರ ಕೈಸೇರಿತು. ಗುಲಾಮನಾಗಿ ಹುಟ್ಟಿ, ಬಿಡುಗಡೆ ಹೊಂದಿ, ಅಲಬಾಮಾದ ಟಸ್ಕೆಗೀಯಲ್ಲಿ ಕಪ್ಪು ಜನರಿಗಾಗಿ ವಿದ್ಯಾಸಂಸ್ಥೆಯೊಂದನ್ನು ಕಟ್ಟಿ ಬೆಳೆಸಿದ ಮಹನೀಯರು ಅವರು. 1911ರಲ್ಲಿ ಇಬ್ಬರ ಭೇಟಿಯಾಯಿತು. ತಮ್ಮ ಜನಾಂಗ ಯೂರೋಪಿನಲ್ಲಿ ಪಟ್ಟ ಬವಣೆಯನ್ನು ಅರಿತಿದ್ದ ರೋಸನ್‌ವಾಲ್ಡರಿಗೆ ಕಪ್ಪು ಜನರ ಸಂಕಟ ಅಪರಿಚಿತವೆನಿಸಲಿಲ್ಲ.

1912ರಲ್ಲಿ, ತಮ್ಮ ಐವತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, ಅವರು ಟಸ್ಕೆಗೀಗೆ 25,000 ಡಾಲರುಗಳನ್ನು ನೀಡಿದರು. ಅದನ್ನು ಹಂಚಿದ ಮೇಲೆ ಸ್ವಲ್ಪ ಹಣ ಉಳಿಯಿತು. ಆ ಉಳಿಕೆಯಿಂದ ಹಳ್ಳಿಗಳಲ್ಲಿ ಪುಟ್ಟ ಶಾಲೆಗಳನ್ನು ಕಟ್ಟಬಹುದೆಂದು ವಾಷಿಂಗ್ಟನ್ನರು ಸೂಚಿಸಿದರು. ಒಂದೊಂದು ಶಾಲೆಗೆ ಕೆಲವು ನೂರು ಡಾಲರುಗಳಂತೆ ಆರು ಶಾಲೆಗಳಿಗೆ ನೆರವು ದೊರೆಯಿತು. ಮೊದಲ ಶಾಲೆ 1913ರಲ್ಲಿ ಅಲಬಾಮಾದ ಲೋಚಪೋಕಾ ಎಂಬ ಊರಿನ ಸಮೀಪದಲ್ಲಿ ಎದ್ದು ನಿಂತಿತು. ವಾಷಿಂಗ್ಟನ್ನರು 1915ರಲ್ಲಿ ತೀರಿಕೊಂಡರೂ ಕಾರ್ಯ ನಿಲ್ಲಲಿಲ್ಲ. 1917ರಲ್ಲಿ ಇಂಥ ಕೆಲಸಗಳಿಗಾಗಿಯೇ ರೋಸನ್‌ವಾಲ್ಡ್ ನಿಧಿ ಸ್ಥಾಪನೆಯಾಯಿತು.

ಈ ನಿಧಿ ಪೂರ್ತಿ ವೆಚ್ಚವನ್ನು ಎಂದೂ ಕೊಡುತ್ತಿರಲಿಲ್ಲ. ಊರಿನವರು ಮೊದಲು ತಮ್ಮ ಪಾಲನ್ನು ಹೊಂದಿಸಬೇಕು. ಸರ್ಕಾರದ ಶಾಲಾ ಮಂಡಲಿ ತನ್ನ ಪಾಲನ್ನಿತ್ತು, ಮುಂದೆ ಶಾಲೆಯನ್ನು ನಡೆಸುವ ಹೊಣೆ ಹೊರಬೇಕು. ಕೈಯಲ್ಲಿ ಕಾಸಿಲ್ಲದವರು ಮರವನ್ನೂ ಮೈದುಡಿಮೆಯನ್ನೂ ನೀಡಿದರು. ಕೆಲವು ರೈತರು ಹತ್ತಿಯ ಹೊಲದ ಒಂದು ಭಾಗವನ್ನು ಶಾಲೆಗೆಂದೇ ಮೀಸಲಿಟ್ಟು ಬೆಳೆದರು. ಹೆಂಗಸರು ಅಡುಗೆ ಮಾಡಿ ಮಾರಿ ಹಣ ಕೂಡಿಸಿದರು. ಹಳ್ಳಿಗಳಲ್ಲಿ ವಿದ್ಯುತ್ತಿಲ್ಲದ ಕಾಲವಾದುದರಿಂದ, ಹಗಲಿನ ಬೆಳಕು ಕೋಣೆಗಳ ತುಂಬ ಹರಡುವಂತೆ ಸಾಲುಸಾಲಾಗಿ ಎತ್ತರದ ಕಿಟಕಿಗಳನ್ನಿಟ್ಟು ಕಟ್ಟಡಗಳನ್ನು ರೂಪಿಸಲಾಗಿತ್ತು.

1932ರ ವೇಳೆಗೆ ಹದಿನೈದು ಸಂಸ್ಥಾನಗಳಲ್ಲಿ 4,977 ಶಾಲೆಗಳು ನಿರ್ಮಾಣವಾಗಿದ್ದವು. ಒಟ್ಟು ವೆಚ್ಚ ಸುಮಾರು 2 ಕೋಟಿ 84 ಲಕ್ಷ ಡಾಲರು. ಅದರಲ್ಲಿ ನಿಧಿಯ ಪಾಲು ಸುಮಾರು 44 ಲಕ್ಷ. ಬಡವರಾದ ಕಪ್ಪು ಜನರೇ ಕೂಡಿಸಿದ ಮೊತ್ತವಾದರೋ ಸುಮಾರು 47 ಲಕ್ಷ! ಕೋಟ್ಯಧೀಶನ ನಿಧಿಗಿಂತ ಕೂಲಿಕಾರರ ಕಾಣಿಕೆಯೇ ಮಿಗಿಲಾಯಿತು. ಆ ಶಾಲೆಗಳು ಹೆಸರಿಗೆ ರೋಸನ್‌ವಾಲ್ಡ್ ಶಾಲೆಗಳಾದರೂ ವಾಸ್ತವವಾಗಿ ಊರಿನವರ ಶಾಲೆಗಳೇ ಆಗಿದ್ದವು.

ಇದರಲ್ಲಿ ಅಡಗಿದ್ದ ಅನ್ಯಾಯವನ್ನೂ ಮರೆಯಲಾಗದು. ಕಪ್ಪು ಜನರು ಎಲ್ಲರಂತೆ ತೆರಿಗೆ ತೆರುತ್ತಿದ್ದರು. ಆ ಹಣದಲ್ಲಿ ಹೆಚ್ಚಿನದು ಬಿಳಿಯರ ಮಕ್ಕಳ ಶಾಲೆಗಳಿಗೆ ಸಲ್ಲುತ್ತಿತ್ತು. ತಮಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಪಡೆಯಲು ಅವರು ಎರಡನೆಯ ಬಾರಿ ಹಣ ತೆರಬೇಕಾಯಿತು. ಬಿಳಿಯರಿಗೊಂದು, ಕರಿಯರಿಗೊಂದು ಶಾಲೆ ಎಂಬ ಪದ್ಧತಿಯನ್ನು ಈ ನಿಧಿ ಅಳಿಸಲಿಲ್ಲ. ಆದರೆ ಅದನ್ನು ಎದುರಿಸಿ ನಿಲ್ಲಬಲ್ಲ ತಲೆಮಾರಿಗೆ ಅಕ್ಷರವನ್ನು ಕಲಿಸಿತು. 1940ರಲ್ಲಿ ಅಲಬಾಮಾದ ಬಡ ಗೇಣಿದಾರರ ಮಗನಾಗಿ ಹುಟ್ಟಿ, ನಾಗರಿಕ ಹಕ್ಕುಗಳ ಹೋರಾಟದಲ್ಲಿ ಮುಂದಾಳಾದ ಜಾನ್ ಲೂಯಿಸ್ ಇಂಥದೊಂದು ಶಾಲೆಯಲ್ಲಿ ಓದಿದವರು. 1954ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪ್ರತ್ಯೇಕ ಶಾಲೆಗಳ ಪದ್ಧತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಕಾಲಕ್ರಮದಲ್ಲಿ ಈ ಶಾಲೆಗಳಲ್ಲಿ ಹಲವು ಮುಚ್ಚಿದವು. ಉಳಿದ ಕೆಲವು ಕಟ್ಟಡಗಳನ್ನು ಅಲ್ಲಿ ಓದಿದವರೇ ಅಕ್ಕರೆಯಿಂದ ದುರಸ್ತಿಗೊಳಿಸಿ ಕಾಪಾಡಿದ್ದಾರೆ.

ರೋಸನ್‌ವಾಲ್ಡರು 1932ರ ಜನವರಿ 6ರಂದು ನಿಧನರಾದರು. ತಮ್ಮ ಹೆಸರು ಶಾಶ್ವತವಾಗಿ ಉಳಿಯಲೆಂದು ಹಣವನ್ನು ಕೂಡಿಡುವುದು ಅವರಿಗೆ ಸಮ್ಮತವಾಗಿರಲಿಲ್ಲ. ಒಂದು ಕಾಲದ ಹಣ ಆ ಕಾಲದ ಕಷ್ಟಕ್ಕೇ ವೆಚ್ಚವಾಗಬೇಕು, ಮುಂದಿನ ಕಾಲಕ್ಕೆ ಅದರದೇ ದಾನಿಗಳು ಹುಟ್ಟಿ ಬರುತ್ತಾರೆ ಎಂಬುದು ಅವರ ನಂಬಿಕೆ. ತಾವು ಸತ್ತ ಇಪ್ಪತ್ತೈದು ವರ್ಷಗಳೊಳಗೆ ನಿಧಿಯೆಲ್ಲ ಮುಗಿಯಬೇಕೆಂದು ಅವರು ವಿಧಿಸಿದ್ದರು. ಅದರಂತೆ 1948ರಲ್ಲಿ ನಿಧಿ ಬರಿದಾಗಿ ಮುಚ್ಚಿತು. ಬೀಜದ ಚೀಲ ಬರಿದಾಗುವುದು ರೈತನಿಗೆ ನಷ್ಟವಲ್ಲ. ಬೀಜವೆಲ್ಲ ಹೊಲವನ್ನು ಸೇರಿತೆಂಬುದಕ್ಕೆ ಅದೇ ಸಾಕ್ಷಿ.