ಕೆರೂರಿನ ಕಂಠಿಯವರು

ಅಂದಿನ ವಿಜಾಪುರ ಜಿಲ್ಲೆಯ ಕೆರೂರಿನಲ್ಲಿ 1908ರಲ್ಲಿ ಜನಿಸಿದ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿ ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. ಮುಂಬಯಿ ವಿಧಾನಸಭೆಯ ಉಪಾಧ್ಯಕ್ಷರಾಗಿದ್ದ ಅವರು, 1956ರಲ್ಲಿ ಕನ್ನಡ ನಾಡು ಒಂದಾದಾಗ ವಿಶಾಲ ಮೈಸೂರು ರಾಜ್ಯದ ವಿಧಾನಸಭಾಧ್ಯಕ್ಷ ಪೀಠವನ್ನು ಅಲಂಕರಿಸಿದರು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆಯ ಮೈಸೂರು ಎಂಬ ಐದು ಆಡಳಿತಗಳಿಂದ ಬಂದ ಪ್ರತಿನಿಧಿಗಳನ್ನು ಒಂದೇ ಸಭಾಮರ್ಯಾದೆಗೆ ಒಗ್ಗಿಸುವ ಹೊಣೆ ಅವರದಾಯಿತು.

1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪರಾಜಿತರಾಗಲು, ಹುನಗುಂದದ ಶಾಸಕರಾದ ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಗಳಾದರು. ಕೈಸೇರಿದ ಅಧಿಕಾರವನ್ನು ಬಿಡುವುದು ಸುಲಭವಲ್ಲ. ಆದರೂ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾಗಿ ಬಂದೊಡನೆ, ನೂರು ದಿನ ತುಂಬುವ ಮೊದಲೇ, ಜೂನ್ ತಿಂಗಳಲ್ಲಿ ಆ ಪದವಿಯನ್ನು ಅವರಿಗೊಪ್ಪಿಸಿ, ಅವರದೇ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ದುಡಿದರು.

ಮಳೆಗಾಗಿ ಮುಗಿಲು ನೋಡುವ ವಿಜಾಪುರ ಸೀಮೆಗೆ ವಿದ್ಯೆಯೇ ಬತ್ತದ ಕೆರೆಯೆಂದು ಬಗೆದ ಅವರ ಪ್ರಯತ್ನದಿಂದ 1963ರಲ್ಲಿ ಅಲ್ಲಿ ಸೈನಿಕ ಶಾಲೆ ತಲೆಯೆತ್ತಿತು. ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ದಾರಿ ಬಯಲುಸೀಮೆಯ ಮಕ್ಕಳಿಗೂ ತೆರೆಯಿತು.

1969ರ ಡಿಸೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಏರಿದ ಪೀಠಗಳು ಅನ್ಯರಿಗೆ ಸಂದವು. ಕಟ್ಟಿಸಿದ ಶಾಲೆ ಮಾತ್ರ ಅವರ ಹೆಸರನ್ನು ಉಳಿಸಿದೆ.