ಬಿದ್ದ ಗುಬ್ಬಿಯನ್ನು ಎತ್ತಿಕೊಂಡ ಹುಡುಗ

ನಮ್ಮ ಕಿನ್ನಾಳದ ಚಿತ್ರಗಾರರು ಮಾಡುವ ಕಟ್ಟಿಗೆಯ ಗರುಡನ ರೆಕ್ಕೆ ಮುರಿದರೆ ಅಂಟಿಸಬಹುದು. ಜೀವವಿರುವ ಹಕ್ಕಿ ಹಾಗಲ್ಲ. ಪಿಯುಸಿ ಓದುವಾಗ ಹಿತ್ತಲಲ್ಲಿ ಗಾಯಗೊಂಡು ಬಿದ್ದಿದ್ದ ಗೊರವಂಕದ ಬಾಯಿಗೆ ಪಾಪ ಎಂದು ನೀರು ಸುರಿದೆ. ಸ್ವಲ್ಪ ಹೊತ್ತಿಗೆ ಅದು ಸತ್ತುಹೋಯಿತು. ಕರುಣೆಯ ಜೊತೆ ತಿಳಿವಳಿಕೆಯೂ ಬೇಕೆಂದು ನನಗೆ ಅರಿವಾದದ್ದು ಸಲೀಂ ಅಲಿ ಅವರ ಬದುಕನ್ನು ಓದಿದಾಗ.

1896ರ ನವೆಂಬರ್ 12ರಂದು ಮುಂಬೈಯಲ್ಲಿ ಹುಟ್ಟಿದ ಸಲೀಂ, ಎಳವೆಯಲ್ಲೇ ತಂದೆ–ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಹುಡುಗನಾಗಿದ್ದಾಗ ಏರ್‌ಗನ್‌ನಿಂದ ಒಂದು ಗುಬ್ಬಿಯನ್ನು ಹೊಡೆದರು. ಎತ್ತಿ ನೋಡಿದರೆ ಕುತ್ತಿಗೆಯಲ್ಲಿ ಹಳದಿ ಮಚ್ಚೆ! ಇದು ಯಾವ ಹಕ್ಕಿ ಎಂಬ ಪ್ರಶ್ನೆ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕರೆದೊಯ್ದಿತು. ಕಾರ್ಯದರ್ಶಿ ಮಿಲಾರ್ಡ್ ಅದರ ಹೆಸರು ಹೇಳಿ, ಅಲ್ಲಿನ ಹಕ್ಕಿಗಳ ಸಂಗ್ರಹವನ್ನೂ ತೋರಿಸಿದರು.

ಮುಂದಿನ ದಾರಿ ಸುಲಭವಿರಲಿಲ್ಲ. ಪದವಿ ಇಲ್ಲದ್ದರಿಂದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲಿ ಕೆಲಸ ಸಿಗಲಿಲ್ಲ. ಮ್ಯೂಸಿಯಂನಲ್ಲಿ ಗೈಡ್ ಆದರು. ಜರ್ಮನಿಗೆ ಹೋಗಿ ಕಲಿತು 1930ರಲ್ಲಿ ಮರಳಿದಾಗ ಆ ಹುದ್ದೆಯೇ ರದ್ದಾಗಿತ್ತು. ಕೆಲಸವಿಲ್ಲದ ಆ ದಿನಗಳಲ್ಲಿ ಕಿಹಿಮ್ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗನ ಗೂಡುಗಳನ್ನು ನೋಡುತ್ತ ಕುಳಿತರು. ಆ ತಾಳ್ಮೆಯೇ ಅವರಿಗೆ ಹೆಸರು ತಂದಿತು.

1931–32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಆಗ ನಮ್ಮ ಕೊಪ್ಪಳವೂ ಅದೇ ಸಂಸ್ಥಾನದಲ್ಲಿತ್ತು. ಬಳಿಕ ಮೈಸೂರಿಗೂ ಬಂದರು. ಅವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅಂದಿನ ಪದ್ಧತಿಯಂತೆ ಅಧ್ಯಯನಕ್ಕಾಗಿ ಅವರು ಹಕ್ಕಿಗಳನ್ನು ಕೊಂದದ್ದೂ ಉಂಟು. ಆದರೆ ಹಕ್ಕಿಯನ್ನು ದೂರದಿಂದ ನೋಡಿ ಗುರುತಿಸುವ ಅಭ್ಯಾಸವನ್ನು ಸಾವಿರಾರು ಭಾರತೀಯರಿಗೆ ಹಚ್ಚಿದ್ದು 1941ರಲ್ಲಿ ಬಂದ ಅವರ ಪುಸ್ತಕ. 1976ರಲ್ಲಿ ಪದ್ಮವಿಭೂಷಣ ಬಂತು. 1987ರಲ್ಲಿ ತೀರಿಕೊಂಡರು.

ಮೊದಲು ತಿಳಿದುಕೊಳ್ಳಬೇಕು, ಆಮೇಲೆ ಕೈಹಾಕಬೇಕು. ನನ್ನ ಗೊರವಂಕದ ವಿಷಯದಲ್ಲಿ ನಾನು ತಪ್ಪಿದ್ದು ಇಲ್ಲೇ. ಹಕ್ಕಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಗಾಯಗೊಂಡ ಹಕ್ಕಿ ಸಿಕ್ಕರೆ ಮೆತ್ತನೆಯ ಬಟ್ಟೆ ಹೊದಿಸಿ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಸದ್ದಿಲ್ಲದ ಕಡೆ ಇಡಿ. ನೀರು, ಅನ್ನ ತುರುಕಬೇಡಿ. ಬೇಗನೆ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಿಳಿಸಿ. ಪುಕ್ಕ ಬಂದ ಮರಿ ಗಾಯವಿಲ್ಲದೆ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಮನೆಗೆ ತರಬೇಡಿ. ತಾಯಿಹಕ್ಕಿ ಅಲ್ಲೇ ಹತ್ತಿರದಲ್ಲಿರುತ್ತದೆ. ವಾಸಿಯಾಯಿತೆಂದು ಪಂಜರದಲ್ಲಿ ಸಾಕುವುದೂ ಬೇಡ, ಅದು ಕಾನೂನಿಗೆ ವಿರುದ್ಧ.

ಈಗ ನಮ್ಮ ಮನೆಯ ಅಟ್ಟದ ಮೇಲೆ ತೂತು ಮಾಡಿದ ಒಂದು ಖಾಲಿ ಡಬ್ಬ ಸದಾ ಇರುತ್ತದೆ.