ದೊಡ್ಡ ಸ್ವಾಮಿಯವರ ಮೂವತ್ತೊಂದು ಕ್ರಿಸ್ಮಸ್



ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಮುಗಿಯಿತು. ಗೋದಲಿಯ ಮುಂದೆ ಮಂಡಿಯೂರಿ, ಬಾಲಯೇಸುವಿನ ಪಾದ ಮುಟ್ಟಿ, ಒಬ್ಬರಿಗೊಬ್ಬರು ಶುಭ ಕೋರಿ ನೀವು ಮನೆಯ ಕಡೆಗೆ ಹೊರಡುತ್ತೀರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಡಿಸೆಂಬರ್ ಚಳಿ ನಿಮಗೆ ಗೊತ್ತೇ ಇದೆ. ಶಾಲು ಬಿಗಿಯಾಗಿ ಹೊದ್ದು ಬೇಗ ಬೇಗ ಹೆಜ್ಜೆ ಹಾಕುತ್ತೀರಿ. ಮನೆಯಲ್ಲಿ ಒಲೆ ಹೊತ್ತಿದೆ. ದೂರದ ಊರಿನಲ್ಲಿ ಕೆಲಸಕ್ಕಿರುವ ಮಗ ರೈಲು ಹಿಡಿದು ವಾಡಿಯಲ್ಲಿಳಿದು ಮನೆ ಸೇರಿದ್ದಾನೆ. ಹಬ್ಬವೆಂದರೆ ಇದೇ ಅಲ್ಲವೇ?

ಆದರೆ ಪೂಜೆ ಅರ್ಪಿಸಿದ ಗುರುಗಳು? ದೀಪ ಆರಿಸಿ, ಗುಡಿಯ ಬಾಗಿಲು ಹಾಕಿ ಅವರು ಯಾರ ಮನೆಗೆ ಹೋಗುತ್ತಾರೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇನ್ನೂರು ವರ್ಷಗಳ ಹಿಂದೆ ನಮ್ಮ ಕನ್ನಡ ನಾಡಿನಲ್ಲಿ ದುಡಿದ ಒಬ್ಬ ಗುರುವಿನ ಬದುಕನ್ನು ಇಂದು ನೋಡೋಣ. ಹೆಸರು ಅಬ್ಬೆ ದುಬೊವಾ. ಮೈಸೂರು ಸೀಮೆಯ ಜನರ ಬಾಯಲ್ಲಿ ಅವರು ದೊಡ್ಡ ಸ್ವಾಮಿಯವರು.

ಜಾನ್ ಆಂಟನಿ ದುಬೊವಾ ಹುಟ್ಟಿದ್ದು ಫ್ರಾನ್ಸಿನ ದಕ್ಷಿಣ ಭಾಗದ ಸೇಂ-ರೆಮೆಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದಾಗ ಅವರಿಗೆ ಇಪ್ಪತ್ತಾರರ ಪ್ರಾಯ. ಅದೇ ವರ್ಷ ಜೂನ್ 19ರಂದು, ಪ್ಯಾರಿಸಿನ ವಿದೇಶೀ ಧರ್ಮಪ್ರಚಾರ ಸಂಘದ ಗುರುವಾಗಿ, ಭಾರತದ ಕಡೆಗೆ ಹೊರಟರು. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಕಾಲ. ಅವರು ಹೊರಟ ಮೂರು ತಿಂಗಳೊಳಗೆ, ಸೆಪ್ಟೆಂಬರಿನಲ್ಲಿ, ಪ್ಯಾರಿಸ್ ನಗರದಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳ ಕೊಲೆಯಾಯಿತು. ಮರುವರ್ಷ ಅಲ್ಲಿನ ಪ್ರಧಾನಾಲಯದಲ್ಲೇ ಪೂಜೆ ನಿಂತಿತು. ಯೋಚಿಸಿ ನೋಡಿ: 1793ರ ಕ್ರಿಸ್ಮಸ್ ಬಂದಾಗ ಈ ಯುವ ಗುರು ತಮಿಳು ನಾಡಿನ ಹಳ್ಳಿಗಳಲ್ಲಿ ಪರಭಾಷೆ ಕಲಿಯುತ್ತಾ ಸೇವೆ ಮಾಡುತ್ತಿದ್ದರು, ಅವರ ಸ್ವಂತ ದೇಶದಲ್ಲಿ ಗುರುಗಳು ಅಡಗಿ ಬದುಕಬೇಕಾಗಿತ್ತು. ಮನೆಗೆ ಮರಳೋಣವೆಂದರೂ ಮರಳುವುದಕ್ಕೆ ಮೊದಲಿನ ಮನೆ ಉಳಿದಿರಲಿಲ್ಲ.

ಸಾಲದ್ದಕ್ಕೆ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಹತ್ತಿತು. 1793ರಲ್ಲೇ ಪುದುಚೇರಿ ಬ್ರಿಟಿಷರ ಕೈ ಸೇರಿತು. ನಡುವೆ ಸ್ವಲ್ಪ ಬಿಡುವು ಬಿಟ್ಟರೆ ಈ ಯುದ್ಧ 1815ರವರೆಗೂ ನಡೆಯಿತು. ಆಗ ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿಯೇ ಬರಬೇಕಾಗಿತ್ತು. ಶಾಂತಿಯ ಕಾಲದಲ್ಲೂ ಒಂದು ಪತ್ರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಯುದ್ಧಕಾಲದಲ್ಲಿ ಕೇಳುವುದೇ ಬೇಡ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದರು. 1784ರಲ್ಲಿ ಕೆನರಾ ಜಿಲ್ಲೆಯಿಂದ ಸೆರೆಯಾಗಿ ಬಂದಿದ್ದ ಕಥೋಲಿಕರು ಬಿಡುಗಡೆ ಹೊಂದಿದರು. ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಒಟ್ಟುಗೂಡಿಸಲು ಒಬ್ಬ ಗುರು ಬೇಕಾಗಿತ್ತು. ಹೀಗೆ ದುಬೊವಾ ಸ್ವಾಮಿಗಳು ಮೈಸೂರು ಸೀಮೆಗೆ ಬಂದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಅವರು ಕಟ್ಟಿಸಿದ ದೇವಾಲಯವನ್ನು ಇಂದಿಗೂ ಜನ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಅವರು ಇಲ್ಲಿ ಪರದೇಶಿಯಂತೆ ಬದುಕಲಿಲ್ಲ. ಈ ದೇಶದ ಉಡುಪು ತೊಟ್ಟರು. ಈ ನೆಲದ ಊಟ, ನಡೆನುಡಿ ರೂಢಿಸಿಕೊಂಡರು. ಚಿತ್ರಕಾರ ತೋಮಸ್ ಹಿಕಿ ಬರೆದ ಅವರ ಭಾವಚಿತ್ರ ನೋಡಿದವರಿಗೆ ಇವರು ಫ್ರೆಂಚ್ ಪಾದ್ರಿಯೆಂದು ತಟ್ಟನೆ ಹೊಳೆಯುವುದಿಲ್ಲ. ಹಾಸನದ ಹತ್ತಿರ ಸಾತಿಹಳ್ಳಿಯಲ್ಲಿ ಬಡ ಕ್ರೈಸ್ತರನ್ನು ಬೇಸಾಯದ ಮೇಲೆ ನೆಲೆ ನಿಲ್ಲಿಸಿದರು. ಆತ್ಮದ ಕಾಳಜಿ ಹೊತ್ತವರು ಹೊಟ್ಟೆಯ ಪಾಡನ್ನು ಮರೆಯಲಿಲ್ಲ.

ಇನ್ನೊಂದು ಕೆಲಸವನ್ನು ಹೇಳಲೇಬೇಕು. ಆ ಕಾಲದಲ್ಲಿ ಸಿಡುಬು ಬಂದರೆ ಊರಿಗೆ ಊರೇ ನಡುಗುತ್ತಿತ್ತು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಇದಕ್ಕೆ ಲಸಿಕೆ ಕಂಡುಹಿಡಿದರು. 1802ರಲ್ಲಿ ಅದು ಭಾರತಕ್ಕೆ ಬಂತು. ದನದ ಕೀವಿನ ಮದ್ದನ್ನು ಮೈಗೆ ಹಾಕಿಸಿಕೊಳ್ಳಲು ಜನ ಹೆದರಿದರು. ಜನರ ನಂಬಿಕೆ ಗಳಿಸಿದ್ದ ದುಬೊವಾ ಸ್ವಾಮಿಗಳು ಮುಂದೆ ನಿಂತು, ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದರು. ಹೀಗೆ ಉಳಿದ ಮಕ್ಕಳಲ್ಲಿ ಕ್ರೈಸ್ತರಿದ್ದರು, ಅವರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಅನ್ಯಧರ್ಮದವರಿದ್ದರು.

ಲೋಕ ಅವರನ್ನು ನೆನೆಯುವುದು ಮಾತ್ರ ಒಂದು ಪುಸ್ತಕದಿಂದ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ 2000 ಪಗೋಡಗಳಿಗೆ ಕೊಂಡಿತು. 1816ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಅವರಿಗಿಂತ ಮುಂಚೆ ಇದ್ದ ಯೇಸುಸಭೆಯ ಫಾದರ್ ಕೆರ್ದೂ ಅವರ ಬರಹದಿಂದ ತೆಗೆದದ್ದೆಂದು 1987ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿದೆ. ದೊಡ್ಡವರ ಬದುಕಿನಲ್ಲೂ ಇಂಥ ಕುಂದುಗಳಿರುತ್ತವೆ. ಅವನ್ನು ಮುಚ್ಚಿಡುವ ಅಗತ್ಯವಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. 1822ರ ಡಿಸೆಂಬರ್ ಬಂತು. ಮನೆ ಬಿಟ್ಟ ಮೇಲೆ ಅವರಿಗೆ ಅದು ಮೂವತ್ತೊಂದನೆಯ ಕ್ರಿಸ್ಮಸ್, ಭಾರತದಲ್ಲಿ ಕೊನೆಯದು. ಮೂರು ವಾರ ಕಳೆದು, 1823ರ ಜನವರಿ 15ರಂದು, ಅವರು ಹಡಗು ಹತ್ತಿದರು. ಮತ್ತೆಂದೂ ಈ ಕಡೆಗೆ ಬರಲಿಲ್ಲ. ಗೆದ್ದು ಮರಳಿದವರ ಸಂತೋಷ ಅವರಲ್ಲಿರಲಿಲ್ಲ. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಲೆಕ್ಕ ಬಿಚ್ಚಿಟ್ಟರು: ಇಪ್ಪತ್ತೈದು ವರ್ಷ ದುಡಿದು, ಒಬ್ಬ ದೇಶೀ ಗುರುವಿನ ನೆರವಿನಿಂದ, ತಾವು ಹೊಸದಾಗಿ ಕ್ರಿಸ್ತನ ಬಳಿಗೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಸ್ಪೃಶ್ಯರೆನಿಸಿಕೊಂಡವರು ಇಲ್ಲವೇ ಭಿಕ್ಷುಕರು. ಈ ದೇಶದಲ್ಲಿ ಧರ್ಮಪ್ರಚಾರಕ್ಕೆ ಭವಿಷ್ಯವಿಲ್ಲ ಎಂಬುದು ಅವರ ತೀರ್ಮಾನ. ಇತರ ಸಭೆಗಳ ಪಾದ್ರಿಗಳು ಇದನ್ನು ಖಂಡಿಸಿ ಪುಸ್ತಕಗಳನ್ನೇ ಬರೆದರು.

ವಾಚಕರೇ, ದಣಿದ ಒಬ್ಬ ಗುರುವಿನ ಈ ಲೆಕ್ಕವನ್ನು ಹೀಗಳೆಯುವುದು ಬೇಡ. ಮೂರು ದಶಕ ಬಿಸಿಲು, ಜ್ವರ, ಒಂಟಿತನ ಉಂಡವರಿಗೆ ನಿರಾಶೆಯ ಹಕ್ಕಿದೆ. ಆದರೂ ನಿಮ್ಮ ಗುಡಿಯ ಗೋದಲಿಯ ಮುಂದೆ ನಿಂತು ಆ ಲೆಕ್ಕವನ್ನು ಇನ್ನೊಮ್ಮೆ ಓದಿ. ಬೆತ್ಲೆಹೇಮಿನಲ್ಲಿ ಆ ರಾತ್ರಿ ಮೊದಲು ಬಂದವರು ಯಾರು? ಊರ ಹೊರಗೆ ಚಳಿಯಲ್ಲಿ ಕುರಿ ಕಾಯುತ್ತಿದ್ದ ಬಡವರು. ಎಣಿಕೆಯಲ್ಲಿ ಬೆರಳೆಣಿಕೆ, ಅಂತಸ್ತಿನಲ್ಲಿ ಏನೂ ಅಲ್ಲದವರು. ದುಬೊವಾ ಸ್ವಾಮಿಗಳು ಸೋಲೆಂದು ಬರೆದಿಟ್ಟ ಪಟ್ಟಿಯಲ್ಲಿದ್ದವರೂ ಇಂಥವರೇ.

ಅವರು ಹೋದ ಮೇಲೆ ಏನಾಯಿತು? ಅವರ ಸಂಘದ ಗುರುಗಳು ಬರುತ್ತಲೇ ಇದ್ದರು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವಾಯಿತು. ಸಾತಿಹಳ್ಳಿಯ ಆ ಸೀಮೆಯಲ್ಲೇ, ಶೆಟ್ಟಿಹಳ್ಳಿಯಲ್ಲಿ, 1860ರ ದಶಕದಲ್ಲಿ ದೊಡ್ಡ ದೇವಾಲಯ ಎದ್ದಿತು. ಇಂದು ಅದು ಹೇಮಾವತಿ ಜಲಾಶಯದ ಅಂಚಿನಲ್ಲಿ, ಮಳೆಗಾಲದಲ್ಲಿ ನೀರಿನ ನಡುವೆ ಪಾಳು ನಿಂತಿದೆ. ಕಟ್ಟಡ ಪಾಳುಬಿದ್ದರೂ ವಿಶ್ವಾಸ ಮುಳುಗಲಿಲ್ಲ. ಹಾಸನ ಸೀಮೆಯ ಕಥೋಲಿಕ ಕುಟುಂಬಗಳು ಇಂದಿಗೂ ಕ್ರಿಸ್ಮಸ್ ಆಚರಿಸುತ್ತವೆ.

ಪ್ಯಾರಿಸಿನಲ್ಲಿ ದುಬೊವಾ ಸ್ವಾಮಿಗಳು ಸುಮ್ಮನೆ ಕೂರಲಿಲ್ಲ. ಯಾವ ಸಂಘದಿಂದ ತಾವು ಹೊರಟಿದ್ದರೋ ಅದೇ ಸಂಘದ ಶ್ರೇಷ್ಠರಾಗಿ 1836ರಿಂದ 1839ರವರೆಗೆ ಸೇವೆ ಸಲ್ಲಿಸಿದರು. ತಮ್ಮ ಪಾಲಿಗೆ ಭವಿಷ್ಯ ಕಾಣಿಸದಿದ್ದರೂ ಹೊರನಾಡುಗಳಿಗೆ ಯುವ ಗುರುಗಳನ್ನು ಕಳಿಸುವ ಮನೆಯ ಹೊಣೆ ಹೊತ್ತರು. 1848ರ ಫೆಬ್ರವರಿ 17ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಪ್ರಭುವಿನ ಮನೆ ಸೇರಿದರು.

ನಮ್ಮ ಕಲಬುರಗಿ ಧರ್ಮಪ್ರಾಂತ್ಯ ಹುಟ್ಟಿದ್ದು 2005ರಲ್ಲಿ. ಇನ್ನೂ ಎಳೆಯದು. ಶಹಾಬಾದಿನ ಕಲ್ಲುಗಣಿಯಲ್ಲಿ ಬೆವರು ಸುರಿಸುವವರು, ವಾಡಿ, ಸೇಡಂಗಳ ಸಿಮೆಂಟಿನ ಧೂಳಿನಲ್ಲಿ ದುಡಿಯುವವರು, ಚಿಂಚೋಳಿಯ ತೊಗರಿ ಹೊಲದಲ್ಲಿ ಕೂಲಿ ಮಾಡುವವರು ಗೋದಲಿಯ ಮುಂದೆ ಮಂಡಿಯೂರಿದಾಗ ತಲೆ ಎಣಿಸಬೇಡಿ. ಕುರಿ ಕಾಯುವವರು ಬಂದಿದ್ದಾರೆಂದು ತಿಳಿಯಿರಿ.

ಕೊನೆಗೆ ಮೊದಲಿನ ಪ್ರಶ್ನೆಗೇ ಬರೋಣ. ನಿಮ್ಮ ಗುರುಗಳ ಊರು ಯಾವುದು? ಕನ್ಯಾಭಗಿನಿಯರ ಊರು? ಮಂಗಳೂರೋ, ಕೇರಳವೋ, ಗೋವೆಯೋ? ಹಬ್ಬದ ದಿನ ತಮ್ಮ ತಾಯಿಯ ಮುಖ ನೋಡಿ ಅವರಿಗೆ ಎಷ್ಟು ವರ್ಷವಾಯಿತು? ಈ ಸಲ ಒಮ್ಮೆ ಕೇಳಿ ನೋಡಿ. ಪೂಜೆ ಮುಗಿದ ಮೇಲೆ ಅವರನ್ನು ಮನೆಗೆ ಕರೆಯಿರಿ. ಜೋಳದ ರೊಟ್ಟಿಯಾದರೂ ಸರಿ, ತೊಗರಿಬೇಳೆಯ ಸಾರಾದರೂ ಸರಿ, ಮಕ್ಕಳ ಜೊತೆ ಕೂರಿಸಿ ಬಡಿಸಿ. ದೊಡ್ಡ ಸ್ವಾಮಿಯವರ ಮೂವತ್ತೊಂದು ಕ್ರಿಸ್ಮಸ್‌ಗಳಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ ಅದು.

ನಿಮಗೂ ನಿಮ್ಮ ಮನೆಯವರಿಗೂ ಬಾಲಯೇಸುವಿನ ಆಶೀರ್ವಾದವಿರಲಿ.